ಐದನೆಯವಳು

ನಮ್ಮ ಮನೆಯ ಮಹಡಿ ಕೋಣೆಯಿಂದ ರಾತ್ರಿ ಊಟವಾದ ಮೇಲೆ ಮಗಳ ದನಿ ಕೇಳಿಸುತ್ತಿತ್ತು. "ಸಾರಿ, ಸಾರಿ, ನಂದೇ ತಪ್ಪು." ಸ್ವಲ್ಪ ಹೊತ್ತು ಬಿಟ್ಟು, "ನೀವೆಲ್ಲ ಓಡಿ, ನಾನು ಇಲ್ಲೇ ಇರ್ತೀನಿ. ಸತ್ರೆ ನಾನು ಸಾಯ್ತೀನಿ." 2020ರ ಲಾಕ್‌ಡೌನ್ ಕಾಲ ಅದು. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿರುವಾಗ, ಹಾಸ್ಟೆಲ್ ಮುಚ್ಚಿ ಮನೆಗೆ ಬಂದ ಮಗಳು ಸಾಯುವ ಮಾತಾಡುತ್ತಿದ್ದಾಳೆಂದರೆ ಯಾವ ತಾಯಿಯ ಎದೆ ಧಸಕ್ಕೆನ್ನದು? ಕೈಯಲ್ಲಿದ್ದ ಮೊಸರಿನ ಪಾತ್ರೆಯನ್ನೂ ಕೆಳಗಿಡದೆ ಮೆಟ್ಟಿಲು ಹತ್ತಿದೆ. ಅವಳು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೊಂದು ಕಾಡು. ಕೋಲು ಹಿಡಿದ ಹುಡುಗಿಯೊಬ್ಬಳು ಬಸುರಿ ಹೆಂಗಸಿನ ಹಾಗೆ ನಿಧಾನವಾಗಿ ಆ ಕಾಡಿನಲ್ಲಿ ನಡೆಯುತ್ತಿದ್ದಳು. ನೋಡನೋಡುತ್ತಿದ್ದಂತೆ ಎತ್ತಲಿಂದಲೋ ಇಬ್ಬರು ಬಂದು ಅವಳನ್ನು ಕೊಂದೇಬಿಟ್ಟರು. ಮಗಳು ಕುರ್ಚಿಗೆ ಒರಗಿ, ದೊಡ್ಡ ಕೆಲಸ ಮುಗಿಸಿದವಳಂತೆ, "ಸದ್ಯ, ಅವನು ಉಳಿದ" ಅಂದಳು.

ಅವನು ಯಾರು ಎಂದು ಕೇಳಿದೆ. "ಕ್ಯಾರಿ" ಅಂದಳು. ನೀನು ಯಾರು ಎಂದೆ. "ನಾನು ಸಪೋರ್ಟ್ ಅಮ್ಮ. ಐದನೇ ಸ್ಥಾನ."

ಆ ರಾತ್ರಿ ನಾನು ಕೆಳಗಿಳಿದು ಬಂದು ಹಾಲಿಗೆ ಹೆಪ್ಪು ಹಾಕಿದೆ, ಮಲಗಿದೆ. ಆದರೆ "ಸದ್ಯ, ಅವನು ಉಳಿದ" ಎನ್ನುವ ಆ ನೆಮ್ಮದಿಯ ಮಾತು ಕಿವಿಯಲ್ಲೇ ಉಳಿಯಿತು. ಆ ದನಿ ನನಗೆ ಹೊಸದೇನಲ್ಲ. ನನ್ನ ಅಮ್ಮನದು ಅದೇ ದನಿ. ನನ್ನದೂ.

ಆಟದ ಹೆಸರು ಡೋಟಾ 2. ವಾರ್‌ಕ್ರಾಫ್ಟ್ ಎಂಬ ಬೇರೊಂದು ಆಟವನ್ನು ಆಡುವವರೇ ತಮಗೆ ಬೇಕಾದಂತೆ ತಿದ್ದಿ ಮಾಡಿಕೊಂಡಿದ್ದ ಆಟವಂತೆ ಇದರ ಮೂಲ. ಅಮೆರಿಕದ ವಾಲ್ವ್ ಕಂಪನಿ ಅದನ್ನೇ ಬೆಳೆಸಿ 2013ರಲ್ಲಿ ಸ್ವತಂತ್ರ ಆಟವಾಗಿ ಹೊರತಂದಿತು. ಐದು ಜನ ಈ ಕಡೆ, ಐದು ಜನ ಆ ಕಡೆ. ನಡುವೆ ನದಿ. ಎರಡು ಕೋಟೆಗಳ ಮಧ್ಯೆ ಮೂರು ದಾರಿ. ಎದುರಾಳಿಯ ಕೋಟೆಯ ಗರ್ಭಗುಡಿಯಂಥ ಒಂದು ಕಟ್ಟಡವನ್ನು ಕೆಡವಿದವರು ಗೆದ್ದರು. ಆಡುವವರು 120ಕ್ಕೂ ಹೆಚ್ಚು ವೀರರಲ್ಲಿ ಒಬ್ಬೊಬ್ಬರನ್ನು ಆರಿಸಿಕೊಳ್ಳಬೇಕು. ನನ್ನ ಮಗಳದು ಕ್ರಿಸ್ಟಲ್ ಮೇಡನ್ ಎಂಬ ಹಿಮದ ಹುಡುಗಿ. ಮೈಯಲ್ಲಿ ಕಸುವಿಲ್ಲ, ಓಡಲು ಕಾಲಿಲ್ಲ. ಆದರೆ ನಾನು ನೋಡಿದಾಗ ಅವಳಿಗೊಂದು ಗುಣವಿತ್ತು. ಅವಳು ಕಾಡಿನ ಯಾವ ಮೂಲೆಯಲ್ಲಿ ನಿಂತಿದ್ದರೂ ತನ್ನ ತಂಡದವರ ಮಂತ್ರಶಕ್ತಿ ತಾನಾಗಿ ತುಂಬಿಕೊಳ್ಳುತ್ತಿತ್ತು. ಇಂಥವರು ಮನೆಮನೆಯಲ್ಲೂ ಇದ್ದಾರಲ್ಲ ಅಂದುಕೊಂಡೆ.

"ನನಗೆ ಅರ್ಥವಾಗುವ ಹಾಗೆ ಹೇಳೇ" ಎಂದು ಗಂಟುಬಿದ್ದ ಮೇಲೆ ಮಗಳು ಒಂದು ಮಧ್ಯಾಹ್ನ ಹೇಳಿದಳು. ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಎರಡೂ ಕೋಟೆಗಳಿಂದ ಸಣ್ಣ ಸಣ್ಣ ಸೈನಿಕರ ಸಾಲು ಹೊರಡುತ್ತದೆ. ಅವರನ್ನು ಹೊಡೆದರೆ ಚಿನ್ನ. ಆದರೆ ಎಷ್ಟು ಹೊಡೆದಿರಿ ಎಂಬುದಕ್ಕೆ ಬೆಲೆಯಿಲ್ಲ, ಕೊನೆಯ ಪೆಟ್ಟು ಹಾಕಿದವರಿಗೆ ಮಾತ್ರ ಆ ಚಿನ್ನ. ಆ ಚಿನ್ನದಿಂದ ಆಯುಧ, ಪಾದರಕ್ಷೆ, ರಕ್ಷಾಕವಚ ಕೊಂಡು ಬಲಿಯಬೇಕು. ಬರುವ ಸೈನಿಕರೋ ಲೆಕ್ಕದವರು. ಐದು ಜನಕ್ಕೆ ಸಮನಾಗಿ ಹಂಚಿದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಒಂದರಿಂದ ಐದರವರೆಗೆ ಸ್ಥಾನ. ಒಂದನೆಯವನಿಗೆ ಮೊದಲ ತುತ್ತು, ಐದನೆಯವರಿಗೆ ಕೊನೆಯದು, ಉಳಿದರೆ. ಒಂದನೆಯವನು ಕ್ಯಾರಿ. ಆಟದ ಆರಂಭದಲ್ಲಿ ಅವನು ಬಲು ದುರ್ಬಲ, ಹಾಲು ಕುಡಿಯುವ ಮಗು. ಐದನೆಯವರು ಪಕ್ಕದಲ್ಲೇ ನಿಂತು, ಚಿನ್ನ ಕಣ್ಣೆದುರಿಗೆ ಬಂದರೂ ಮುಟ್ಟದೆ, ಎದುರಾಳಿಯನ್ನು ಅಟ್ಟುತ್ತಾ, ಬೇಕಾದರೆ ತಾವು ಸತ್ತು, ಅವನನ್ನು ಬೆಳೆಸಬೇಕು. ಮೂವತ್ತು ನಲವತ್ತು ನಿಮಿಷ ಕಳೆಯುವ ಹೊತ್ತಿಗೆ ಅವನು ಬೆಳೆದು ನಿಂತು ಎಲ್ಲರನ್ನೂ ಗೆಲ್ಲಿಸುತ್ತಾನೆ.

ಎರಡು, ಮೂರು, ನಾಲ್ಕನೆಯವರಿಗೂ ಅವರವರ ಕೆಲಸವಿದೆ. ನಡುದಾರಿಯಲ್ಲಿ ಒಂಟಿಯಾಗಿ ಕಾದುವವನು, ಎದುರಾಳಿಯ ಕಷ್ಟದ ದಾರಿಯಲ್ಲಿ ಪೆಟ್ಟು ತಿನ್ನುತ್ತಾ ನಿಲ್ಲುವವನು, ಎಲ್ಲ ಕಡೆ ಓಡಾಡಿ ನೆರವಾಗುವವನು. ತಂಡ ಕಟ್ಟುವಾಗ ಎರಡೂ ಕಡೆಯವರು ಸರದಿಯಂತೆ ವೀರರನ್ನು ಆರಿಸುತ್ತಾರೆ. ಎದುರಾಳಿಗೆ ಸಿಗದ ಹಾಗೆ ಕೆಲವರನ್ನು ಹೊರಗಿಡುತ್ತಾರೆ. ಜಗಳ ಶುರುಮಾಡುವವನೊಬ್ಬ, ಓಡುವವನನ್ನು ಹಿಡಿದು ನಿಲ್ಲಿಸುವವನೊಬ್ಬ, ಗಾಯ ಮಾಯಿಸುವವನೊಬ್ಬ ಬೇಕೇ ಬೇಕು. "ಐದೂ ಜನ ಕ್ಯಾರಿ ತಗೊಂಡ್ರೆ?" ಅಂದೆ. "ಐದೂ ಜನ ಉಪವಾಸ ಬಿದ್ದು ಸೋಲ್ತಾರೆ. ಹೊಸಬರು ದಿನಾ ಹಂಗೇ ಸೋಲೋದು" ಅಂದಳು. ನಿಜವೇ. ಐದು ಜನ ಯಜಮಾನರಿರುವ ಮನೆಯಲ್ಲಿ ಒಲೆ ಹತ್ತುವುದಾದರೂ ಹೇಗೆ?

ಐದನೆಯವರಿಗೆ ಇನ್ನೊಂದು ಕೆಲಸವಿದೆ. ನನಗೆ ಆಟದಲ್ಲೆಲ್ಲ ಹೆಚ್ಚು ಇಷ್ಟವಾದದ್ದು ಅದೇ. ಆ ಕಾಡಿನಲ್ಲಿ ನಮ್ಮವರಿಲ್ಲದ ಕಡೆಯೆಲ್ಲ ಕತ್ತಲು. ಎದುರಾಳಿ ಎಲ್ಲಿ ಹೊಂಚಿದ್ದಾನೋ ಕಾಣದು. ಐದನೆಯವಳು ಒಬ್ಬಳೇ ಆ ಕತ್ತಲಿಗೆ ಹೋಗಿ ವಾರ್ಡ್ ಎಂಬುದನ್ನು ನೆಟ್ಟು ಬರುತ್ತಾಳೆ. ಒಂದು ಬಗೆಯ ಕಾವಲು ಕಣ್ಣು ಅದು, ಎದುರಾಳಿಗೆ ಕಾಣುವುದಿಲ್ಲ. ಆರು ನಿಮಿಷ ಅದರ ಸುತ್ತಲಿನ ಜಾಗವೆಲ್ಲ ತಂಡಕ್ಕೆ ಕಾಣಿಸುತ್ತದೆ, ಆಮೇಲೆ ಆರಿಹೋಗುತ್ತದೆ, ಮತ್ತೆ ನೆಡಬೇಕು. ನಡುಮನೆಯ ದೀಪಕ್ಕೆ ದಿನಾ ಎಣ್ಣೆ ಹಾಕಿದ ಹಾಗೆ. ಉರಿಯುತ್ತಿರುವಾಗ ಯಾರೂ ನೋಡುವುದಿಲ್ಲ, ಆರಿದಾಗ ಮಾತ್ರ "ಯಾರಿಗೂ ಗಮನ ಇಲ್ವಾ ಈ ಮನೇಲಿ?" ಎನ್ನುತ್ತಾರೆ. ಬಹಳ ವರ್ಷ ಈ ಕಾವಲು ಕಣ್ಣನ್ನೂ, ಅಂಗಡಿಯಿಂದ ಸಾಮಾನು ಹೊತ್ತು ತರುವ ಪ್ರಾಣಿಯನ್ನೂ ಸಾಮಾನ್ಯವಾಗಿ ಸಪೋರ್ಟಿನವರೇ ತಮ್ಮ ಪುಡಿಗಾಸಿನಲ್ಲಿ ಕೊಳ್ಳಬೇಕಾಗಿತ್ತಂತೆ. 2019ರ ಕೊನೆಗೆ ಸಾಮಾನು ತರುವ ಪ್ರಾಣಿಯನ್ನು ಪ್ರತಿಯೊಬ್ಬರಿಗೂ ಬಿಟ್ಟಿಯಾಗಿ ಕೊಟ್ಟರು. ಕಾವಲು ಕಣ್ಣಿಗೂ ಈಗ ಹಣ ಕೊಡಬೇಕಿಲ್ಲ. ಎಲ್ಲರಿಗೂ ಬೇಕಾದ ಬೆಳಕಿನ ಖರ್ಚನ್ನು ಎಲ್ಲರಿಗಿಂತ ಬಡವಳ ಕೈಯಿಂದ ಕೊಡಿಸಬಾರದು ಎಂದು ಆಟ ಮಾಡಿದವರಿಗೆ ಹೊಳೆದಿತ್ತು ಅನ್ನಿ. ಹಲವು ಮನೆಗಳಲ್ಲಿ ಇನ್ನೂ ಹೊಳೆದಿಲ್ಲ.

ನಮ್ಮಲ್ಲೊಂದು ಗಾದೆಯಿದೆ: ಬಡಿಸುವವಳು ನಮ್ಮವಳಾದರೆ ಕೊನೆಯ ಪಂಕ್ತಿಯಲ್ಲಿ ಕೂತರೇನು? ಚಿಕ್ಕಂದಿನಿಂದ ಕೇಳಿದ್ದೇನೆ, ನಾನೂ ಎಷ್ಟೋ ಸಲ ಹೇಳಿದ್ದೇನೆ. ಆ ಬಡಿಸುವವಳು ಯಾವ ಪಂಕ್ತಿಯಲ್ಲಿ ಕೂರುತ್ತಾಳೆ ಎಂಬುದನ್ನು ಗಾದೆ ಕಟ್ಟಿದವರು ಹೇಳಲಿಲ್ಲವಲ್ಲ ಎಂದು ಹೊಳೆದದ್ದು ಐವತ್ತು ದಾಟಿದ ಮೇಲೆ, ಅದೂ ಮಕ್ಕಳಾಟ ನೋಡುವಾಗ.

ಇದನ್ನೆಲ್ಲ ಮಗಳಿಗೆ ಹೇಳಿದರೆ ಅವಳು ನಕ್ಕಳು. "ಅಮ್ಮ, ಎಲ್ಲಕ್ಕೂ ನಿನ್ನ ಅಡುಗೆಮನೆ ತರಬೇಡ. ಇದು ಮುಕ್ಕಾಲು ಗಂಟೆಗೆ ಮುಗಿಯತ್ತೆ. ಮುಂದಿನ ಆಟದಲ್ಲಿ ಕ್ಯಾರಿನೂ ಬರಿಗೈ, ನಾನೂ ಬರಿಗೈ. ಮತ್ತೆ ಗೆದ್ರೆ ಐದೂ ಜನರ ಹೆಸರಿಗೂ ಒಂದೇ ಗೆಲುವು. ಯಾರು ಎಷ್ಟು ಜನರನ್ನ ಕೊಂದ್ರು ಅಂತ ಗೆಲುವನ್ನ ಹಂಚಲ್ಲ."

ಈ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರದೆ ಹೋದೆ. ಭೀಮ ವಿರಾಟನ ಮನೆಯಲ್ಲಿ ಅಡುಗೆ ಮಾಡಿದ, ಅರ್ಜುನ ಬೃಹನ್ನಳೆಯಾಗಿ ಹೆಣ್ಣುಮಕ್ಕಳಿಗೆ ನಾಟ್ಯ ಕಲಿಸಿದ, ಉತ್ತರಕುಮಾರನಿಗೆ ಸಾರಥಿಯೂ ಆದ. ಅದನ್ನು ನಾವು ಅವಮಾನವೆಂದು ಓದುವುದಿಲ್ಲ, ರಸವತ್ತಾದ ಕಥೆಯೆಂದು ಓದುತ್ತೇವೆ. ಏಕೆಂದರೆ ಅದಕ್ಕೆ ಒಂದು ವರ್ಷದ ಗಡುವಿತ್ತು. ಬನ್ನಿಮರದ ಮೇಲೆ ಗಾಂಡೀವ ಕಾದಿತ್ತು. ಅದೇ ಮನೆಯಲ್ಲಿ ಭೀಮನಿಗಿಂತ ಮೊದಲೂ ಆಮೇಲೂ ಜೀವಮಾನವಿಡೀ ಬೇಯಿಸಿದ ಆಳುಗಳ ಹೆಸರು ಯಾರಿಗೂ ಗೊತ್ತಿಲ್ಲ. ಹಾಗಾದರೆ ಐದನೆಯ ಸ್ಥಾನದಲ್ಲಿ ತಪ್ಪಿಲ್ಲವೇನೋ. ತಪ್ಪಿರುವುದು ಆ ಸ್ಥಾನಕ್ಕೆ ಗಡುವಿಲ್ಲದಿರುವುದರಲ್ಲೇನೋ. ಒಂದೆರಡು ದಿನ ಇಷ್ಟಕ್ಕೇ ಸಮಾಧಾನ ಮಾಡಿಕೊಂಡಿದ್ದೆ.

ಸಮಾಧಾನ ನಿಲ್ಲಲಿಲ್ಲ. ಅದಕ್ಕೆ ಕಾರಣ ನನ್ನದೇ ಹಳೆಯ ಕಥೆ. ಹೇಳದೆ ಮುಂದೆ ಹೋದರೆ ಅರ್ಧ ಹೇಳಿದಂತೆ.

1987. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ನಾನು ಪಿಯುಸಿಯಲ್ಲಿ ಫಸ್ಟ್ ಕ್ಲಾಸ್, ಸೈನ್ಸ್. ಬಿಎಸ್ಸಿಗೆ ಶಿವಮೊಗ್ಗಕ್ಕೆ ಹೋಗಬೇಕು, ಹಾಸ್ಟೆಲ್ ಆಗಬೇಕು. ತಮ್ಮ ಆ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ್ದ, ಅವನನ್ನು ಇಂಜಿನಿಯರ್ ಮಾಡುವ ಆಸೆ ಮನೆಯವರಿಗೆಲ್ಲ. ಒಂದು ರಾತ್ರಿ ಅಪ್ಪ ಖರ್ಚಿನ ಪುಸ್ತಕ ಬಿಚ್ಚಿಕೊಂಡು, ಪೆನ್ಸಿಲ್ ಕಿವಿಯ ಮೇಲಿಟ್ಟುಕೊಂಡು, ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದರು. ಮಲಗುವ ಮೊದಲು ಅವರಿಗೆ ಚೊಂಬಿನಲ್ಲಿ ನೀರಿಡಲು ಹೋದ ನಾನು ಹೇಳಿದೆ: "ಅಪ್ಪ, ನನಗೆ ಓದು ಸಾಕು. ಅಮ್ಮನಿಗೂ ಕೈಯಾಸರೆ ಬೇಕು." ಅಪ್ಪ ತಲೆಯೆತ್ತಲಿಲ್ಲ. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಪುಸ್ತಕ ಮುಚ್ಚಿದರು.

ತಮ್ಮ ಓದಿದ, ಬೆಳೆದ, ದೊಡ್ಡ ಕೆಲಸ ಹಿಡಿದ. ಅವನನ್ನು ಕೃತಘ್ನನೆಂದರೆ ನನ್ನ ನಾಲಿಗೆಗೆ ಹುಳ ಬೀಳಬೇಕು. ಅಪ್ಪನಿಗೆ ಪಾರ್ಶ್ವವಾಯು ಬಡಿದಾಗ ಮೂರು ವಾರ ರಜ ಹಾಕಿ ಆಸ್ಪತ್ರೆಯಲ್ಲಿ ಮಲಗಿದ, ಪೂರ್ತಿ ಖರ್ಚು ಕೊಟ್ಟ. ಗೌರಿಹಬ್ಬಕ್ಕೆ ಒಂದು ವರ್ಷವೂ ತಪ್ಪದೆ ನನಗೆ ಸೀರೆ ಬರುತ್ತದೆ. ಮಗಳ ಭಾಷೆಯಲ್ಲಿ ಹೇಳುವುದಾದರೆ ಅವನು ಒಳ್ಳೆಯ ಕ್ಯಾರಿ. ಕ್ಯಾರಿ ಎಂದರೆ ಹೊರುವವನು ತಾನೆ? ಉಳಿದವರ ತುತ್ತನ್ನು ಉಂಡು ಬಲಿತವನು ಹೊರುವ ಹೊತ್ತು ಬಂದಾಗ ಭುಜ ಕೊಡಬೇಕು. ಕಾಡಿನ ಮೂಲೆಯಲ್ಲಿ ಇನ್ನೂ ಚಿನ್ನ ಗೋರುತ್ತಾ, ತಂಡ ಸಾಯುತ್ತಿದ್ದರೂ ಬಾರದ ಕ್ಯಾರಿಗಳಿಗೆ ಆ ಆಟದಲ್ಲಿ ಬೀಳುವ ಬೈಗುಳ ಕೇಳಲಾಗದು. ನನ್ನ ತಮ್ಮ ಬಂದ, ಹೊತ್ತ.

ಆದರೆ ಒಂದು ಸಲ, ಅಪ್ಪನ ವೈದಿಕ ಮುಗಿದು ಎಲ್ಲರೂ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಾಗ, "ನಾನೂ ಬಿಎಸ್ಸಿ ಓದಿದ್ದರೆ" ಎಂದು ಏನೋ ಅಂದೆ. ತಮ್ಮ ನಿಜವಾದ ಆಶ್ಚರ್ಯದಿಂದ ನನ್ನ ಮುಖ ನೋಡಿದ. "ಅಕ್ಕ, ನೀನೇ ಬೇಡ ಅಂದಿದ್ದಲ್ವಾ? ಅಪ್ಪ ಹಂಗೇ ಹೇಳಿದ್ರು, ಅವಳಿಗೆ ಓದೋದಿಷ್ಟ ಇಲ್ಲ ಅಂತ."

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ನಾನೇ ಅಂದಿದ್ದೆ. ಯಾರೂ ಕೇಳುವ ಮೊದಲೇ ಅಂದಿದ್ದೆ. ಕೇಳಿದರೆ ಬೇಡವೆನ್ನುವ ಧೈರ್ಯ ನನಗಿರಲಿಲ್ಲ, ನನ್ನನ್ನು ಕೇಳುವ ಧೈರ್ಯ ಅಪ್ಪನಿಗಿರಲಿಲ್ಲ. ಇಬ್ಬರ ಮರ್ಯಾದೆಯೂ ಉಳಿಯುವ ಹಾಗೆ ನಾನು ಮುಂಚೆಯೇ ಹೇಳಿಬಿಟ್ಟೆ. ಅದು ತ್ಯಾಗವೇ? ತ್ಯಾಗ ಮಾಡುವವಳಿಗೆ ಕೈಯಲ್ಲಿ ಏನಾದರೂ ಇರಬೇಕಲ್ಲವೇ? ಹಾಗಾದರೆ ಬಲವಂತವೇ? ಯಾರೂ ಬಲವಂತ ಮಾಡಲಿಲ್ಲ. ನೀವೇ ಹೇಳಿ, ಇದಕ್ಕೆ ಯಾವ ಹೆಸರಿಡುವುದು? ತಮ್ಮನ ಸಾಲ ತೀರಿದೆ. ಕೊಟ್ಟವಳು ನಾನು ಎಂಬುದಕ್ಕೆ ಮಾತ್ರ ಕಾಗದವಿಲ್ಲ.

ಅದಕ್ಕೇ ಮಗಳನ್ನು ಕೇಳಿದೆ. "ಯಾವಾಗಲೂ ನೀನೇ ಯಾಕೆ ಐದನೆಯವಳು?" "ನಂಗಿಷ್ಟ" ಅಂದಳು. "ಯಾರು ಹೇಳಿದ್ದು ಆಡು ಅಂತ?" "ಯಾರೂ ಹೇಳಲ್ಲಮ್ಮ. ಆರಿಸೋ ಹೊತ್ತಲ್ಲಿ ನಾಲ್ಕೂ ಜನ ಬೇರೆ ಬೇರೆ ತಗೊಂಡಿರ್ತಾರೆ. ಯಾರೂ ಸಪೋರ್ಟ್ ತಗೊಳ್ಳಲ್ಲ. ನಾನೇ ತಗೋತೀನಿ ಅಂತೀನಿ. ಇಲ್ಲಾಂದ್ರೆ ಆಟ ಹಾಳಾಗತ್ತೆ." ಚೊಂಬು ಹಿಡಿದು ನಿಂತ ಹುಡುಗಿ ಕಣ್ಣಮುಂದೆ ಬಂದಳು. ಇನ್ನೂ ಕೆದಕಿದಾಗ ಗೊತ್ತಾಯಿತು. ಕಾಲೇಜಿನ ಗೆಳೆಯರ ಜೊತೆಯಲ್ಲಾದರೆ ಹೀಗೆ. ಗುರುತಿಲ್ಲದವರ ಜೊತೆ ಆಡುವಾಗಲಂತೂ ಅವಳು ಮೈಕನ್ನೇ ಆರಿಸಿಬಿಡುತ್ತಾಳೆ. ಹೆಣ್ಣು ದನಿ ಕೇಳಿದ ಕೂಡಲೇ "ಹಾಗಾದ್ರೆ ನೀನು ಸಪೋರ್ಟ್ ತಗೋ" ಎಂದೋ, ಇನ್ನೂ ಕೀಳಾಗಿಯೋ ಮಾತು ಬರುತ್ತದಂತೆ. ಅಷ್ಟು ದೊಡ್ಡ ಕಾಲ್ಪನಿಕ ಕಾಡು, ನೂರಾರು ಮಂತ್ರ, ಹಾರುವ ಮೃಗಗಳು. ಅದರೊಳಗೂ ನಮ್ಮ ನಡುಮನೆ ಹೊಕ್ಕು ಕೂತಿದೆ.

ಹೀಗೆ ಕಹಿಯಾಗಿದ್ದ ದಿನಗಳಲ್ಲೇ ಮಗಳು ಒಂದು ಹಳೆಯ ಪಂದ್ಯ ಹಾಕಿ ತೋರಿಸಿದಳು. ಕ್ರಿಕೆಟ್ಟಿಗೆ ವಿಶ್ವಕಪ್ ಇದ್ದ ಹಾಗೆ ಈ ಆಟಕ್ಕೆ ದಿ ಇಂಟರ್‌ನ್ಯಾಷನಲ್ ಎಂಬ ಪಂದ್ಯಾವಳಿ. 2018ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ನಡೆಯಿತು. ಓಜಿ ಎಂಬ ತಂಡದಲ್ಲಿ ಆ ಬೇಸಿಗೆಯಲ್ಲಿ ಇಬ್ಬರು ಆಟಗಾರರು ಬಿಟ್ಟು ಇನ್ನೊಂದು ತಂಡಕ್ಕೆ ಹೋಗಿಬಿಟ್ಟಿದ್ದರು. ಉಳಿದವರು ಕೋಚನ್ನೇ ಆಟಗಾರನನ್ನಾಗಿ ಇಳಿಸಿ, ದೊಡ್ಡ ವೇದಿಕೆ ಕಾಣದ ಫಿನ್ಲೆಂಡಿನ ಹುಡುಗನೊಬ್ಬನನ್ನು ಕರೆದು, ಬಿಡುವಿನಲ್ಲಿದ್ದ ಹಳೆಯ ಕ್ಯಾರಿಯನ್ನು ಮತ್ತೆ ಕರೆಸಿ, ಯಾರಿಗೂ ತೆರೆದಿರುವ ಅರ್ಹತಾ ಸುತ್ತಿನಿಂದ ಶುರುಮಾಡಿ ಫೈನಲ್ ತಲುಪಿದರು. ಫೈನಲ್‌ನಲ್ಲಿ ಚೀನಾದ ಪಿಎಸ್‌ಜಿ ಎಲ್‌ಜಿಡಿ ತಂಡವನ್ನು 3-2ರಿಂದ ಸೋಲಿಸಿದರು. ಮರುವರ್ಷ ಶಾಂಘೈನಲ್ಲಿ ಟೀಮ್ ಲಿಕ್ವಿಡ್ ಮೇಲೆ 3-1ರಿಂದ ಗೆದ್ದು, ಆ ಪಂದ್ಯಾವಳಿಯನ್ನು ಎರಡು ಸಲ ಗೆದ್ದ ಮೊದಲ ತಂಡವಾದರು. ತಂಡದ ನಾಯಕ ಡೆನ್ಮಾರ್ಕಿನ ಯೋಹಾನ್ ಸುಂಡ್‌ಸ್ಟೈನ್. ಅವನು ಹಿಂದೆ ಕ್ಯಾರಿಯಾಗಿ ಆಡಿದವನು. ಈ ಎರಡೂ ಗೆಲುವಿನಲ್ಲಿ ಆಡಿದ್ದು ಐದನೇ ಸ್ಥಾನ!

ನಾಯಕನೇ ಕೊನೆಯ ಪಂಕ್ತಿಯಲ್ಲಿ. ಅವನೇ ದೀಪ ನೆಡುವವನು, ಅವನೇ ಮೊದಲು ಸಾಯುವವನು. ಇಂಥ ಆಟಗಳಲ್ಲಿ ಬಹುಮಾನದ ಹಣ ಅತಿ ಹೆಚ್ಚು ಗಳಿಸಿದವರ ಪಟ್ಟಿಯ ತುದಿಯಲ್ಲಿ ಅವನ ಹೆಸರಿದೆ ಎಂದೂ ಮಗಳು ಹೇಳಿದಳು, ನನ್ನ ಬಾಯಿ ಮುಚ್ಚಿಸಲು. 2019ರಲ್ಲಿ ಇನ್ನೂ ಒಂದು ತಮಾಷೆ ನಡೆಯಿತು. ಐಯೋ ಎಂಬ ಒಂದು ವೀರಪಾತ್ರವಿದೆ. ನಮ್ಮ 'ಅಯ್ಯೋ' ಅಂದ ಹಾಗೆಯೇ ಕೇಳಿಸುತ್ತದೆ. ಬರೀ ಬೆಳಕಿನ ಉಂಡೆ, ಮುಖವಿಲ್ಲ, ಮಾತಿಲ್ಲ. ಜೊತೆಯವನಿಗೆ ಬೆಳಕಿನ ದಾರದಿಂದ ಗಂಟುಹಾಕಿಕೊಂಡು ಅವನಿಗೆ ಪ್ರಾಣ ತುಂಬುವುದೇ ಅದರ ಕಸುಬು. ಸಪೋರ್ಟುಗಳಲ್ಲೇ ಸಪೋರ್ಟು. ಓಜಿಯವರು ಅದನ್ನು ತಮ್ಮ ಕ್ಯಾರಿಯ ಕೈಗೆ ಕೊಟ್ಟು, ಚಿನ್ನವೆಲ್ಲ ಅದಕ್ಕೇ ಉಣಿಸಿ ಪಂದ್ಯಗಳನ್ನು ಗೆದ್ದರು. ಎಷ್ಟೋ ವರ್ಷ ಎಲ್ಲರ ಕೈಯಲ್ಲಿದ್ದ ಪಾತ್ರ, ಅದಕ್ಕೂ ಒಂದು ತುತ್ತು ಹಾಕಿ ನೋಡೋಣವೆಂದು ಹೆಚ್ಚಿನವರಿಗೆ ತೋಚಿರಲಿಲ್ಲ.

ಸುಂಡ್‌ಸ್ಟೈನ್‌ನನ್ನು ನೋಡಿ ನನಗನ್ನಿಸಿದ್ದಿಷ್ಟು. ಅವನು ಒಂದನೆಯ ಸ್ಥಾನವನ್ನು ಬಲ್ಲವನಾಗಿ ಐದಕ್ಕೆ ಬಂದ. ಉಂಡವನು ಬಡಿಸಲು ಎದ್ದ ಹಾಗೆ. ನನಗೆ, ನನ್ನ ಅಮ್ಮನಿಗೆ, ನನ್ನ ಮಗಳಿಗೆ ಒಂದರ ರುಚಿಯೇ ಗೊತ್ತಿಲ್ಲ. ಐದು ಇಷ್ಟ ಎನ್ನುತ್ತೇವೆ. ಇಷ್ಟವೇ ಇರಬಹುದು. ಒಂದೇ ಒಂದು ತಿಂಡಿ ತಿಂದವಳು ಅದೇ ಇಷ್ಟ ಎಂದರೆ ಹೇಗೆ ನಂಬುವುದು?

"ಒಂದು ಸಲ ಕ್ಯಾರಿ ಆಡಿ ನೋಡೇ" ಎಂದೆ. ಆಡಿದಳು. ಎರಡು ವಾರ ಬರೀ ಸೋಲು. ಕೈಚಳಕದ ಕೊರತೆಯೇನೂ ಅಲ್ಲ. ನಾನು ಹಿಂದೆ ಸ್ಟೂಲಿನ ಮೇಲೆ ಕೂತು ಬಟಾಣಿ ಬಿಡಿಸುತ್ತಾ ನೋಡುತ್ತಿದ್ದೆನಲ್ಲ, ನನಗೇ ಕಾಣುತ್ತಿತ್ತು. ಚಿನ್ನ ಮುಂದೆ ಬಂದರೆ ಅರೆಗಳಿಗೆ ತಡೆಯುತ್ತಿದ್ದಳು, ಪಕ್ಕದವನು ತೆಗೆದುಕೊಳ್ಳುತ್ತಿದ್ದ. ಯಾರೋ ಸಾಯುತ್ತಿದ್ದರೆ ತನ್ನ ಕೆಲಸ ಬಿಟ್ಟು ಓಡುತ್ತಿದ್ದಳು, ತಾನೂ ಸಾಯುತ್ತಿದ್ದಳು. ಅವಳಿಗಾಗಿ ಸತ್ತ ಐದನೆಯವನಿಗೆ ಮೂರು ಸಲ ಸಾರಿ ಹೇಳುತ್ತಿದ್ದಳು. ತಂಡದವರು ಕೊಟ್ಟದ್ದನ್ನು ನಾಚಿಕೆಯಿಲ್ಲದೆ ತೆಗೆದುಕೊಂಡು ಬೆಳೆಯುವುದೂ ಆ ಸ್ಥಾನದ ಕರ್ತವ್ಯವೇ. ಅವಳು ಸಂಕೋಚಪಟ್ಟಷ್ಟೂ ಅವಳಿಗಾಗಿ ಬಿಟ್ಟವರ ತುತ್ತು ಮಣ್ಣುಪಾಲು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಮಹಿಳಾ ಸಮಾಜದ ಅಧ್ಯಕ್ಷೆಯಾಗಿ ಎಂದು ಎರಡು ಸಲ ಕೇಳಿದಾಗಲೂ "ಬೇರೆಯವರಾಗಲಿ, ನಾನು ಕಾಫಿ ತಿಂಡಿ ನೋಡ್ಕೋತೀನಿ" ಅಂದವಳು ನಾನು. ದೊಡ್ಡ ಗುಣವೆಂದೇ ತಿಳಿದಿದ್ದೆ. ಹೊಣೆ ಹೊರಲಾರದ ಅಂಜಿಕೆಯೂ ಅದರಲ್ಲಿ ಒಂದು ಚಿಟಿಕೆ ಸೇರಿರಲಿಲ್ಲವೆಂದು ಎದೆ ಮುಟ್ಟಿ ಹೇಳಲಾರೆ.

ಇನ್ನೊಂದು ಸಂಗತಿ ಹೇಳಬೇಕು. ಎಲ್ಲರೂ ಕ್ಯಾರಿಯೇ ಬೇಕು, ಸಪೋರ್ಟ್ ಬೇಡ ಎಂದು ಹಟ ಹಿಡಿದರೆ ತಂಡ ಕೂಡಿಸುವುದು ಹೇಗೆ? ಅದಕ್ಕೆ 2020ರಲ್ಲಿ ಆ ಆಟದ ಕಂಪನಿ ಒಂದು ನಿಯಮ ತಂದಿತು. ನಿಮಗೆ ಬೇಕಾದ ಪಾತ್ರವನ್ನೇ ಕೇಳಿ ಪಡೆಯಬೇಕಾದರೆ, ಅದಕ್ಕೆ ಮೊದಲು ಯಾವ ಪಾತ್ರ ಕೊಟ್ಟರೂ ಸರಿ ಎಂದು ಒಪ್ಪಿ ಒಂದಷ್ಟು ಆಟ ಆಡಿರಬೇಕು. ಇದನ್ನು ಕೇಳಿ ನಮ್ಮ ಯಜಮಾನರು, "ಭಾನುವಾರ ನಾನು ದೋಸೆ ಹುಯ್ಯೋದು ಅದೇ ಲೆಕ್ಕಕ್ಕೆ ಬರುತ್ತಾ?" ಅಂದರು. ಬರುತ್ತದೆ, ಆದರೆ ಹಿಟ್ಟು ರುಬ್ಬಿದ್ದು ಶನಿವಾರ ಎಂದೆ.

ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಆಡುವುದು ಕಡಿಮೆ. ಕಳೆದ ತಿಂಗಳು ರಜಕ್ಕೆ ಬಂದಾಗ ಮಹಡಿಯಲ್ಲಿ ಒಂದು ರಾತ್ರಿ ಆಟ ಹಾಕಿದಳು. ನಾನು ಹಾಲು ತೆಗೆದುಕೊಂಡು ಹೋದೆ. ಆ ದಿನ ಅವಳೇ ಕ್ಯಾರಿ. ಗುರುತಿಲ್ಲದ ನಾಲ್ಕು ಜನ ಜೊತೆಗೆ. ಐದನೆಯವನು, ಅಥವಾ ಐದನೆಯವಳು, ಒಂದು ಮಾತೂ ಆಡದೆ ಅವಳ ಪಕ್ಕದಲ್ಲಿ ನಿಂತು ಕಾದ, ದೀಪ ನೆಟ್ಟ, ಅವಳಿಗಾಗಿ ಹನ್ನೊಂದು ಸಲ ಸತ್ತ. ಮಗಳು ಈ ಸಲ ಸಾರಿ ಹೇಳಲಿಲ್ಲ. ಬೆಳೆದಳು. ಕೊನೆಯ ಹತ್ತು ನಿಮಿಷ ಅವಳ ಮುಂದೆ ಯಾರೂ ನಿಲ್ಲಲಿಲ್ಲ. ಕೋಟೆ ಬಿತ್ತು.

ಮುಗಿದ ಮೇಲೆ ಅವಳು ಏನೋ ಬರೆಯುತ್ತಿದ್ದಳು. "ಏನದು?" ಎಂದೆ.

"ಆ ಸಪೋರ್ಟಿಗೆ ಥ್ಯಾಂಕ್ಸ್ ಹೇಳಿದೆ. ಆಮೇಲೆ ಕೇಳ್ದೆ, ನಿಂಗೆ ಆ ಸ್ಥಾನವೇ ಬೇಕಾಗಿತ್ತಾ ಅಂತ."

"ಏನಂದ?"

ಹಾಲಿನ ಲೋಟ ಕೈಗೆ ತೆಗೆದುಕೊಂಡು ಪರದೆ ನೋಡಿದಳು. "ಉತ್ತರ ಬರ್ಲಿಲ್ಲಮ್ಮ. ಮುಂದಿನ ಆಟಕ್ಕೆ ಹೋಗ್ಬಿಟ್ಟಿದಾರೆ."